ಡೊರೊಥಿಯಾ ಡಿಕ್ಸ್: ಸೆರೆಮನೆಯ ಮನೋರೋಗಿಗಳಿಗೆ ದನಿಯಾದ ಶಿಕ್ಷಕಿ

ಮನಸ್ಸಿನ ಕಾಯಿಲೆ ಅಪರಾಧವಲ್ಲ. ಇಂದು ಸಹಜವೆನಿಸುವ ಈ ಮಾತನ್ನು 19ನೇ ಶತಮಾನದ ಅಮೆರಿಕಕ್ಕೆ ಮನವರಿಕೆ ಮಾಡಿಕೊಡಲು ಒಬ್ಬ ಶಾಲಾ ಶಿಕ್ಷಕಿ ತಮ್ಮ ಅರ್ಧ ಆಯುಷ್ಯವನ್ನೇ ತೇಯಬೇಕಾಯಿತು. ಅವರೇ ಡೊರೊಥಿಯಾ ಲಿಂಡ್ ಡಿಕ್ಸ್. ಮನಸ್ಸು ಕುಸಿಯುವುದೆಂದರೇನು ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಸ್ವತಃ ಅನುಭವಿಸಿ ಬಲ್ಲವರು.

ಬಾಲ್ಯದ ಬವಣೆ: ಡಿಕ್ಸ್ ಜನಿಸಿದ್ದು 1802ರ ಏಪ್ರಿಲ್ 4ರಂದು, ಇಂದಿನ ಮೇನ್ ರಾಜ್ಯದ ಹ್ಯಾಂಪ್ಡನ್‌ನಲ್ಲಿ. ತಂದೆ ಊರೂರು ಅಲೆಯುವ ಧರ್ಮಬೋಧಕ, ಕುಡಿತದ ಚಟಕ್ಕೆ ಬಿದ್ದವರು. ತಾಯಿ ಸದಾ ಕಾಯಿಲೆಯವರು. ಇಬ್ಬರು ತಮ್ಮಂದಿರ ಲಾಲನೆಪಾಲನೆಯ ಹೊಣೆ ಎಳೆಯ ಹುಡುಗಿಯ ಹೆಗಲೇರಿತ್ತು. 12ನೇ ವಯಸ್ಸಿಗೆ ಮನೆ ತೊರೆದು ಬೋಸ್ಟನ್‌ನಲ್ಲಿದ್ದ ಅಜ್ಜಿಯ ಆಸರೆ ಪಡೆದರು. ಹದಿಹರೆಯದಲ್ಲೇ ವೂಸ್ಟರ್‌ನಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದರು. 1821ರಲ್ಲಿ ಬೋಸ್ಟನ್‌ನಲ್ಲಿ ಸ್ವಂತ ಶಾಲೆ ತೆರೆದರು. ಮಕ್ಕಳಿಗಾಗಿ ಅವರು 1824ರಲ್ಲಿ ಬರೆದ ಸಾಮಾನ್ಯಜ್ಞಾನದ ಪುಸ್ತಕ ಹಲವಾರು ಮುದ್ರಣಗಳನ್ನು ಕಂಡಿತು.

ಹಗಲಿರುಳಿನ ದುಡಿಮೆಗೆ ದೇಹ ಸೋತಿತು, ಮನಸ್ಸೂ ಸೋತಿತು. 1836ರಲ್ಲಿ ಶಾಲೆ ಮುಚ್ಚಿ, ಆರೋಗ್ಯ ಸುಧಾರಣೆಗಾಗಿ ಇಂಗ್ಲೆಂಡಿಗೆ ಹೋದರು. ಲಿವರ್‌ಪೂಲ್‌ನ ರಾತ್‌ಬೋನ್ ಕುಟುಂಬ ಅಪರಿಚಿತ ಹೆಣ್ಣುಮಗಳನ್ನು ತಮ್ಮ ಗ್ರೀನ್‌ಬ್ಯಾಂಕ್ ಮನೆಯಲ್ಲಿ ಇರಿಸಿಕೊಂಡು ವರ್ಷಕ್ಕೂ ಹೆಚ್ಚು ಕಾಲ ಮನೆಮಗಳಂತೆ ಆರೈಕೆ ಮಾಡಿತು. ಬೈಗುಳವಿಲ್ಲ, ಬಂಧನವಿಲ್ಲ, ಪ್ರೀತಿ, ವಿಶ್ರಾಂತಿ, ಒಳ್ಳೆಯ ಮಾತುಕತೆ ಇವೇ ಅಲ್ಲಿ ದೊರೆತ ಔಷಧ. ಮನೋರೋಗಿಗಳ ಆರೈಕೆಯಲ್ಲಿ ಇಂಗ್ಲೆಂಡ್ ಆಗ ಕಾಣುತ್ತಿದ್ದ ಸುಧಾರಣೆಯ ಪರಿಚಯವೂ ಅವರಿಗಾಯಿತು.

ಜೈಲಿನೊಳಗೆ ಕಂಡದ್ದು: 1841ರ ಮಾರ್ಚ್ 28, ಭಾನುವಾರ. ಬೋಸ್ಟನ್ ಸಮೀಪದ ಈಸ್ಟ್ ಕೇಂಬ್ರಿಡ್ಜ್ ಜೈಲಿನ ಮಹಿಳಾ ಕೈದಿಗಳಿಗೆ ಧಾರ್ಮಿಕ ಪಾಠ ಹೇಳಲು ಡಿಕ್ಸ್ ತೆರಳಿದರು. ಅಲ್ಲಿ ಶಿಕ್ಷೆಗೊಳಗಾದವರ ನಡುವೆಯೇ, ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥ ಹೆಂಗಸರನ್ನೂ ಕೂಡಿಹಾಕಲಾಗಿತ್ತು. ಕೊರೆಯುವ ಚಳಿಯಲ್ಲಿ ಅವರ ಕೋಣೆಗಳಿಗೆ ಬೆಂಕಿಯ ಒಲೆಯಿರಲಿಲ್ಲ. ಕಾರಣ ಕೇಳಿದರೆ, ಬುದ್ಧಿ ಕೆಟ್ಟವರಿಗೆ ಚಳಿ ತಿಳಿಯುವುದಿಲ್ಲ ಎಂಬ ಉತ್ತರ ಬಂತು. ಡಿಕ್ಸ್ ನ್ಯಾಯಾಲಯದ ಮೆಟ್ಟಿಲೇರಿದರು. ಕೋಣೆಗಳಿಗೆ ಒಲೆ ಬಂತು.

ಇದು ಒಂದು ಜೈಲಿನ ಕಥೆಯೋ, ಎಲ್ಲೆಡೆಯ ವ್ಯಥೆಯೋ? ತಿಳಿಯಲು ಅವರು ಸುಮಾರು ಒಂದೂವರೆ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳನ್ನೂ ಬಡವರ ಆಶ್ರಯಗೃಹಗಳನ್ನೂ ಸುತ್ತಿದರು. ಪಂಜರ, ನೆಲಮಾಳಿಗೆ, ದೊಡ್ಡಿಗಳಲ್ಲಿ ಸರಪಳಿ ಬಿಗಿಸಿಕೊಂಡವರು, ಬಟ್ಟೆಯಿಲ್ಲದವರು, ಏಟು ತಿಂದವರು ಕಣ್ಣಿಗೆ ಬಿದ್ದರು. ಗತಿಯಿಲ್ಲದ ರೋಗಿಯ ಖರ್ಚು ಆಯಾ ಊರಿನದು. ಹೀಗಾಗಿ ಅತಿ ಕಡಿಮೆ ಹಣಕ್ಕೆ ಇಟ್ಟುಕೊಳ್ಳಲು ಒಪ್ಪಿದವರ ಕೈಗೆ ಹರಾಜಿನಲ್ಲೆಂಬಂತೆ ರೋಗಿಯನ್ನು ಒಪ್ಪಿಸುವ ಪದ್ಧತಿಯೂ ಇತ್ತು. ಕಂಡದ್ದನ್ನೆಲ್ಲ ಡಿಕ್ಸ್ ಊರಿನ ಹೆಸರಿನೊಂದಿಗೆ ಟಿಪ್ಪಣಿ ಮಾಡಿಕೊಂಡರು.

ಮಹಿಳೆಯರಿಗೆ ಮತದಾನದ ಹಕ್ಕೇ ಇಲ್ಲದ ಕಾಲವದು. 1843ರ ಜನವರಿಯಲ್ಲಿ ಅವರು ಸಿದ್ಧಪಡಿಸಿದ ಮನವಿಪತ್ರವನ್ನು ಸಮಾಜ ಸುಧಾರಕ ಸ್ಯಾಮ್ಯುಯಲ್ ಗ್ರಿಡ್ಲಿ ಹೋವ್ ರಾಜ್ಯದ ಶಾಸನಸಭೆಯ ಮುಂದಿಟ್ಟರು. ಹೆಸರು ಬಂದ ಊರುಗಳ ಅಧಿಕಾರಿಗಳು ಕೆರಳಿದರು, ಸುಳ್ಳೆಂದು ವಾದಿಸಿದರು. ಆದರೂ ವೂಸ್ಟರ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯ ವಿಸ್ತರಣೆಗೆ ಸಭೆ ಒಪ್ಪಿಗೆ ನೀಡಿತು.

ಗೆಲುವು, ಸೋಲು: ನಂತರ ಡಿಕ್ಸ್ ರಾಜ್ಯದಿಂದ ರಾಜ್ಯಕ್ಕೆ ಸಂಚರಿಸಿದರು. ಅವರ ಪ್ರಯತ್ನದ ಫಲವಾಗಿ 1848ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಹೊಸ ಆಸ್ಪತ್ರೆ ತೆರೆಯಿತು. 30ಕ್ಕೂ ಹೆಚ್ಚು ಆಸ್ಪತ್ರೆಗಳ ಸ್ಥಾಪನೆ ಅಥವಾ ವಿಸ್ತರಣೆಯ ಹಿಂದೆ ಅವರ ಶ್ರಮವಿದೆ. 1845ರಲ್ಲಿ ಅಮೆರಿಕದ ಜೈಲುಗಳ ಶಿಸ್ತು ಮತ್ತು ಸ್ಥಿತಿಗತಿಗಳನ್ನು ಕುರಿತ ಪುಸ್ತಕವನ್ನೂ ಪ್ರಕಟಿಸಿದರು.

ಮನೋರೋಗಿಗಳ ಆರೈಕೆಗೆ 1 ಕೋಟಿಗೂ ಅಧಿಕ ಎಕರೆ ಸರ್ಕಾರಿ ಭೂಮಿ ಮೀಸಲಿಡಬೇಕೆಂಬುದು ಅವರ ಬಹುದೊಡ್ಡ ಕನಸು. 1854ರಲ್ಲಿ ಸಂಸತ್ತಿನ ಉಭಯ ಸದನಗಳೂ ಮಸೂದೆಗೆ ಅಸ್ತು ಎಂದವು. ಆದರೆ ಇಂಥ ದತ್ತಿಕಾರ್ಯ ರಾಜ್ಯಗಳ ಹೊಣೆ, ಒಕ್ಕೂಟ ಸರ್ಕಾರದ್ದಲ್ಲ ಎಂಬ ನಿಲುವು ತಳೆದ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅಂಕಿತ ಹಾಕಲಿಲ್ಲ. ನೊಂದ ಡಿಕ್ಸ್ ಯೂರೋಪಿಗೆ ತೆರಳಿದರು. ಅಲ್ಲಿಯೂ ಸುಮ್ಮನಿರಲಿಲ್ಲ. ಅವರ ಒತ್ತಾಯದಿಂದ ಸ್ಕಾಟ್‌ಲೆಂಡಿನಲ್ಲಿ ವಿಚಾರಣಾ ಆಯೋಗ ನೇಮಕವಾಗಿ, 1857ರಲ್ಲಿ ಹೊಸ ಕಾನೂನು ಬಂತು. ಅಂತರ್ಯುದ್ಧ ಕಾಲದಲ್ಲಿ, 1861ರಿಂದ, ಒಕ್ಕೂಟ ಸೇನೆಯ ದಾದಿಯರ ಮುಖ್ಯಸ್ಥೆಯಾಗಿ ವೇತನವಿಲ್ಲದೆ ದುಡಿದರು.

1881ರಲ್ಲಿ, ತಾವೇ ಕಟ್ಟಿಸಿದ ಟ್ರೆಂಟನ್ ಆಸ್ಪತ್ರೆಯಲ್ಲಿ ಅವರಿಗಾಗಿ ಕೊಠಡಿಗಳನ್ನು ಮೀಸಲಿಡಲಾಯಿತು. 1887ರ ಜುಲೈ 17ರಂದು ಅಲ್ಲಿಯೇ ಕೊನೆಯುಸಿರೆಳೆದರು.

ಉಳಿದ ಪ್ರಶ್ನೆ: ಡಿಕ್ಸ್ ಎಣಿಸಿದಂತೆ ಎಲ್ಲವೂ ನಡೆಯಲಿಲ್ಲ. ಗ್ರೀನ್‌ಬ್ಯಾಂಕ್‌ನಂತಹ ಮನೆಯ ಅಕ್ಕರೆಯನ್ನು ನೂರಾರು ಹಾಸಿಗೆಗಳ ಆಸ್ಪತ್ರೆ ನೀಡಲಾರದಾಯಿತು. ಕ್ರಮೇಣ ಅವೂ ತುಂಬಿ ತುಳುಕಿ ಮತ್ತೊಂದು ಬಗೆಯ ಸೆರೆಮನೆಗಳಾದವು. 20ನೇ ಶತಮಾನದ ಉತ್ತರಾರ್ಧದಲ್ಲಿ ಅವುಗಳಲ್ಲಿ ಅನೇಕವು ಮುಚ್ಚಿದವು. ಆದರೆ ಹೊರಬಂದವರಿಗೆ ಊರಿನಲ್ಲಿ ತಕ್ಕ ಆರೈಕೆ ಸಿಗಲಿಲ್ಲ. ಹಲವರು ಸಣ್ಣಪುಟ್ಟ ತಪ್ಪುಗಳಿಗಾಗಿ ಮತ್ತೆ ಜೈಲು ಸೇರಿದರು.

ಇನ್ನೊಂದು ಸಂಗತಿಯೂ ಗಮನಾರ್ಹ. 1843ರ ಮನವಿಪತ್ರದಲ್ಲಿ ಡಿಕ್ಸ್ ತಮ್ಮ ಸ್ವಂತ ಕಾಯಿಲೆಯ ಪ್ರಸ್ತಾಪ ಮಾಡಲಿಲ್ಲ. ಕಂಡವರಾಗಿ ಮಾತನಾಡಿದರೇ ಹೊರತು ಉಂಡವರಾಗಿ ಅಲ್ಲ. ಆ ಮೌನ ಮುರಿದದ್ದು ಬಹುಕಾಲದ ನಂತರ. 1997ರಲ್ಲಿ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಮನೋರೋಗಿ ಆರೋಪಿಗಳನ್ನು ಜೈಲಿನ ಬದಲು ಚಿಕಿತ್ಸೆಯತ್ತ ಕಳುಹಿಸುವ ವಿಶೇಷ ನ್ಯಾಯಾಲಯ ಆರಂಭವಾಯಿತು. 1999ರಲ್ಲಿ ಜಾರ್ಜಿಯಾ ರಾಜ್ಯವು ಚೇತರಿಸಿಕೊಂಡ ಮನೋರೋಗಿಗಳು ಸಹರೋಗಿಗಳಿಗೆ ನೀಡುವ ನೆರವಿಗೆ ಸರ್ಕಾರಿ ಆರೋಗ್ಯ ಯೋಜನೆಯಿಂದ ಹಣ ಕೊಡಿಸಿತು. ಕಾಯಿಲೆ ಮತ್ತು ಜೈಲು ಎರಡನ್ನೂ ಅನುಭವಿಸಿ ಚೇತರಿಸಿಕೊಂಡವರು ತರಬೇತಿ ಪಡೆದು ಹೊಸ ಕೈದಿಯ ಜೊತೆ ಕೂರುತ್ತಾರೆ. ಬಿಡುಗಡೆಯ ದಿನ ಎದುರಾಗುವ ಸೂರು, ಔಷಧಿ, ಕೆಲಸದ ಚಿಂತೆಯಲ್ಲಿ ಜೊತೆ ನಡೆಯುತ್ತಾರೆ.

ಜೈಲಿನ ಬಾಗಿಲು ತಟ್ಟಿ, ಒಳಗಿರುವವರೂ ಮನುಷ್ಯರೆಂದು ಮೊದಲು ಲೋಕಕ್ಕೆ ಸಾರಿದವರಲ್ಲಿ ಡಿಕ್ಸ್ ಪ್ರಮುಖರು. ಅವರು ಇತರರ ಪರವಾಗಿ ಆಡಿದ ಮಾತನ್ನು ಇಂದು ನೊಂದವರೇ ಆಡುತ್ತಿದ್ದಾರೆ. ಅವರು ಆರಂಭಿಸಿದ ಕೆಲಸ ಮುಂದುವರಿಯುತ್ತಿರುವುದು ಹೀಗೆ.