ಪತ್ರಗಳ ನಡುವೆ ಬಾಳಿದ ಚಿತ್ರಕಾರ

ಬೆಂಗಳೂರಿನಿಂದ ಕನಕಪುರದ ಕಡೆಗೆ ಹೊರಟು, ಮೆಟ್ರೊ ರೈಲಿನ ಹಸಿರು ಮಾರ್ಗ 2021ರಲ್ಲಿ ತಲುಪಿದ ರೇಷ್ಮೆ ಸಂಸ್ಥೆ ನಿಲ್ದಾಣವನ್ನು ದಾಟಿ ಮುಂದೆ ಸಾಗಿದರೆ ತಾತಗುಣಿ ಎಸ್ಟೇಟ್ ಸಿಗುತ್ತದೆ. ಆ ದಾರಿಯಲ್ಲಿ ನಿತ್ಯವೂ ಓಡಾಡುವ ಬಹುಮಂದಿಗೆ ಅದು ಮರಗಳು ದಟ್ಟವಾಗಿ ಬೆಳೆದ ಒಂದು ವಿಶಾಲ ಜಮೀನು ಮಾತ್ರ. ಇಪ್ಪತ್ತನೆಯ ಶತಮಾನದ ಕಲಾಚರಿತ್ರೆಯ ಒಂದು ದೊಡ್ಡ ಕುಟುಂಬದ ಚಿತ್ರಗಳೂ ಕೈಬರಹದ ಕಾಗದಗಳೂ ಒಂದು ಕಾಲದಲ್ಲಿ ಈ ಬೆಂಗಳೂರು ಸೀಮೆಯಲ್ಲಿ ಆಶ್ರಯ ಪಡೆದಿದ್ದವು ಎಂಬುದನ್ನು ಬಲ್ಲವರು ವಿರಳ. ಅವುಗಳನ್ನು ಕಾಯ್ದವರು ಸ್ವೆತೊಸ್ಲಾವ್ ರೋರಿಕ್.

ಪ್ರಸಿದ್ಧ ಕಲಾವಿದರ ಹಸ್ತಾಕ್ಷರದ ಪತ್ರಗಳನ್ನು ಸಂಗ್ರಹಿಸುವ ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲಿ ಹಳೆಯದು. ಅಲ್ಲಿ ಅದಕ್ಕೆ ಹರಾಜು ಮಾರುಕಟ್ಟೆಯೂ ಇದೆ, ಬೆಲೆಯೂ ಇದೆ. ನಮ್ಮಲ್ಲಿ ಚಿತ್ರಕ್ಕೆ ಗೋಡೆ ಸಿಕ್ಕಿತೇ ಹೊರತು ಪತ್ರಕ್ಕೆ ಕಪಾಟು ಸಿಕ್ಕಿದ್ದು ಕಡಿಮೆ. ಆದರೆ ಚಿತ್ರಕಾರ ಸಾಲ ಮಾಡಿದ್ದು, ಮಿತ್ರನನ್ನು ನಂಬಿದ್ದು, ನಂಬಿ ಕೆಟ್ಟದ್ದು, ಒಂದು ಊರನ್ನು ಬಿಟ್ಟು ಇನ್ನೊಂದನ್ನು ಸೇರಿದ್ದು, ಇವೆಲ್ಲ ಚಿತ್ರದಲ್ಲಿ ಕಾಣುವುದಿಲ್ಲ, ಕಾಗದದಲ್ಲಿ ಕಾಣುತ್ತವೆ. ರೋರಿಕ್ ಅವರ ಬಾಳನ್ನು ಈ ದೃಷ್ಟಿಯಿಂದ ನೋಡಿದರೆ ಅದು ಕಲಾವಿದನೊಬ್ಬನ ಕಥೆಯಷ್ಟೇ ಆಗಿ ಉಳಿಯದೆ, ಸಂಗ್ರಹವೊಂದು ಹೇಗೆ ಉಳಿಯುತ್ತದೆ, ಹೇಗೆ ಕೈಜಾರುತ್ತದೆ ಎಂಬುದರ ಕಥೆಯೂ ಆಗುತ್ತದೆ.

ಸ್ವೆತೊಸ್ಲಾವ್ ಹುಟ್ಟಿದ್ದು 1904ರ ಅಕ್ಟೋಬರ್ 23ರಂದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ನಿಕೋಲಸ್ ರೋರಿಕ್ ಚಿತ್ರಕಾರ, ಚಿಂತಕ. ತಾಯಿ ಹೆಲೆನಾ ಅಧ್ಯಾತ್ಮ ಗ್ರಂಥಗಳ ಲೇಖಕಿ. ಅಣ್ಣ ಜಾರ್ಜ್ ಮುಂದೆ ಟಿಬೆಟ್ ಭಾಷೆಯ ಮಹಾ ವಿದ್ವಾಂಸನಾದವನು. ಕ್ರಾಂತಿಯ ಕಾಲದಲ್ಲಿ ಕುಟುಂಬ ರಷ್ಯಾವನ್ನು ತೊರೆದು ಫಿನ್ಲೆಂಡ್, ಲಂಡನ್‌ಗಳ ಮೂಲಕ 1920ರಲ್ಲಿ ಅಮೆರಿಕವನ್ನು ಸೇರಿತು. ಅಲ್ಲಿ ಸ್ವೆತೊಸ್ಲಾವ್ ವಾಸ್ತುಶಿಲ್ಪ ಕಲಿತರು. 1923ರ ಕೊನೆಯಲ್ಲಿ ಇಡೀ ಕುಟುಂಬ ಭಾರತಕ್ಕೆ ಬಂದಿತು. ಮರುವರ್ಷವೇ ತರುಣ ಸ್ವೆತೊಸ್ಲಾವ್ ತಂದೆಯ ಹೆಸರಿನ ವಸ್ತುಸಂಗ್ರಹಾಲಯದ ಕೆಲಸ ನೋಡಿಕೊಳ್ಳಲು ನ್ಯೂಯಾರ್ಕಿಗೆ ಮರಳಿದರು.

ಕುಟುಂಬ ಹೀಗೆ ಎರಡಾದ ಮೇಲೆ ಅದನ್ನು ಒಂದಾಗಿ ಹಿಡಿದದ್ದು ಅಂಚೆ. ತಂದೆ, ತಾಯಿ, ಅಣ್ಣ 1925ರಿಂದ 1928ರವರೆಗೆ ಮಧ್ಯ ಏಷ್ಯಾದ ಮರುಭೂಮಿ ಪರ್ವತಗಳಲ್ಲಿ ಅಲೆಯುತ್ತಿದ್ದರೆ, ಕಿರಿಯ ಮಗ ಸಾಗರದಾಚೆ ಕುಳಿತು ಅವರ ಸುದ್ದಿಗಾಗಿ ಕಾಯಬೇಕಾಯಿತು. 1927-28ರ ಚಳಿಗಾಲದಲ್ಲಿ ಟಿಬೆಟ್ ಆಡಳಿತ ಆ ತಂಡವನ್ನು ಎತ್ತರದ ಹಿಮಪ್ರದೇಶದಲ್ಲಿ ತಿಂಗಳುಗಟ್ಟಲೆ ತಡೆದಿರಿಸಿತು. ಹೊರಜಗತ್ತಿನ ಸಂಪರ್ಕವೇ ಕಡಿದುಹೋಯಿತು. ಪತ್ರ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಬಲ್ಲ ಮನೆತನ ಪತ್ರವನ್ನು ಜೋಪಾನ ಮಾಡುವುದು ಸಹಜವೇ. ಹೆಲೆನಾ ಅಂತೂ ಪತ್ರವನ್ನೇ ತಮ್ಮ ಬೋಧನೆಯ ಮಾಧ್ಯಮವಾಗಿಸಿಕೊಂಡಿದ್ದರು. ಅವರ ಪತ್ರಗಳು 1940ರಲ್ಲಿ ರೀಗಾ ನಗರದಲ್ಲಿ ಎರಡು ಸಂಪುಟಗಳಾಗಿ ಅಚ್ಚಾದವು.

1928ರಲ್ಲಿ ಕುಟುಂಬ ಹಿಮಾಲಯದ ಕುಲು ಕಣಿವೆಯ ನಗ್ಗರ್ ಎಂಬಲ್ಲಿ ನೆಲೆಯೂರಿ ‘ಉರುಸ್ವತಿ’ ಸಂಶೋಧನಾ ಸಂಸ್ಥೆಯನ್ನು ನಡೆಸತೊಡಗಿತು. 1931ರಲ್ಲಿ ಸ್ವೆತೊಸ್ಲಾವ್ ಅಲ್ಲಿಗೆ ಬಂದು ಸೇರಿ, ಚಿತ್ರ ಬರೆಯುವುದರ ಜೊತೆಗೆ ಔಷಧೀಯ ಸಸ್ಯಗಳ ಅಧ್ಯಯನವನ್ನೂ ಕೈಗೊಂಡರು. ಇತ್ತ ಇವರು ಹಿಮಾಲಯದಲ್ಲಿದ್ದಾಗ ಅತ್ತ ನ್ಯೂಯಾರ್ಕಿನಲ್ಲಿ ಒಂದು ವಿಪತ್ತು ಸಂಭವಿಸಿತು. ಅಲ್ಲಿ 1929ರಲ್ಲಿ ಎದ್ದಿದ್ದ ಬಹುಮಹಡಿ ಕಟ್ಟಡ, ಅದರಲ್ಲಿದ್ದ ನೂರಾರು ಚಿತ್ರಗಳು ಒಬ್ಬ ಆಪ್ತ ಧನಿಕ ಮಿತ್ರನ ಮೇಲಿನ ನಂಬಿಕೆಯಲ್ಲಿ ನಿಂತಿದ್ದವು. 1935ರಲ್ಲಿ ಆ ಮಿತ್ರ ಮುನಿದು ಬೇರೆಯಾದಾಗ, ದಾಖಲೆಗಳು ಅವನ ಕಡೆಗಿದ್ದವು. ನ್ಯಾಯಾಲಯದಲ್ಲಿ ಕುಟುಂಬ ಸೋತಿತು, ಸಂಗ್ರಹ ಕೈತಪ್ಪಿತು. ವಿಪರ್ಯಾಸವೆಂದರೆ, ಅದೇ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ, ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸಂಪತ್ತನ್ನು ರಕ್ಷಿಸಬೇಕೆಂಬ ‘ರೋರಿಕ್ ಒಪ್ಪಂದ’ಕ್ಕೆ ಅಮೆರಿಕ ಖಂಡದ ರಾಷ್ಟ್ರಗಳು ಸಹಿ ಹಾಕಿದ್ದವು. ಜಗತ್ತಿನ ಕಲೆಗೆ ರಕ್ಷಣೆ ಬೇಡಿದ ಮನೆತನಕ್ಕೆ ತನ್ನದೇ ಕಲೆಯನ್ನು ಉಳಿಸಿಕೊಳ್ಳಲಾಗಲಿಲ್ಲ.

1942ರಲ್ಲಿ ಜವಾಹರಲಾಲ್ ನೆಹರೂ ಮತ್ತು ಇಂದಿರಾ ನಗ್ಗರ್‌ನಲ್ಲಿ ರೋರಿಕ್ ಕುಟುಂಬದ ಅತಿಥಿಗಳಾಗಿದ್ದರು. ಅಂದು ಬೆಳೆದ ಸ್ನೇಹದ ಫಲವಾಗಿ ಸ್ವೆತೊಸ್ಲಾವ್ ನೆಹರೂ ಅವರ ಭಾವಚಿತ್ರಗಳನ್ನು ರಚಿಸಿದರು. ಅವರು ಬರೆದ ನೆಹರೂ ಚಿತ್ರವೊಂದು 1966ರಲ್ಲಿ ಸಂಸತ್ತಿನ ಕೇಂದ್ರ ಸಭಾಂಗಣವನ್ನು ಸೇರಿತು. 1945ರಲ್ಲಿ ಅವರು ದೇವಿಕಾರಾಣಿಯವರನ್ನು ವಿವಾಹವಾದರು. ‘ಅಛೂತ್ ಕನ್ಯಾ’ದ ನಾಯಕಿ, ಹಿಮಾಂಶು ರಾಯ್ ಅವರ ನಿಧನಾನಂತರ ಬಾಂಬೆ ಟಾಕೀಸನ್ನು ಮುನ್ನಡೆಸಿದ ಈ ಧೀಮಂತ ಮಹಿಳೆ ಚಿತ್ರರಂಗವನ್ನು ಪೂರ್ಣವಾಗಿ ತೊರೆದು ಪತಿಯೊಡನೆ ಹೊರಟರು. 1947ರ ಡಿಸೆಂಬರ್‌ನಲ್ಲಿ ನಿಕೋಲಸ್ ತೀರಿಕೊಂಡರು. ದಂಪತಿ 1940ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿಗೆ ಬಂದರು.

ಆಗ ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣಗಳೆಲ್ಲ ಬೆಂಗಳೂರು ಜಿಲ್ಲೆಗೇ ಸೇರಿದ್ದವು. 1986ರಲ್ಲಿ ಜಿಲ್ಲೆ ಒಡೆಯಿತು, 2007ರಲ್ಲಿ ಮತ್ತೆ ಒಡೆದು ಈ ನಾಲ್ಕು ತಾಲ್ಲೂಕುಗಳು ರಾಮನಗರ ಜಿಲ್ಲೆಯಾದವು. ಗಡಿಗಳೇನೇ ಆಗಲಿ, ಭೂಮಿ ಒಂದೇ: ಹೆಬ್ಬಂಡೆಗಳು, ರಾಗಿಯ ಹೊಲ, ಕೆಂಪು ಮಣ್ಣು. ಹಿಮಾಲಯದ ನೀಲಿಯನ್ನು ಬರೆದ ಕುಂಚ ಇಲ್ಲಿ ಕೆಂಪು, ಕಿತ್ತಳೆಗಳನ್ನು ಕಂಡುಕೊಂಡಿತು. ದುಡಿಯುವ ಹಳ್ಳಿಯ ಜನ ಅವರ ಚಿತ್ರಗಳಿಗೆ ಬಂದರು. ತಾತಗುಣಿ ಮತ್ತು ಬಿ.ಎಂ. ಕಾವಲಿನ ಸುಮಾರು 470 ಎಕರೆಯಲ್ಲಿ ದಂಪತಿ ಲಿನಾಲೋ ಮರಗಳ ಬೇಸಾಯ ನಡೆಸಿದರು. ಮೆಕ್ಸಿಕೊ ಮೂಲದ ಈ ಮರದಿಂದ ತೆಗೆಯುವ ಎಣ್ಣೆ ಸುಗಂಧದ್ರವ್ಯಕ್ಕೆ ಬಳಕೆಯಾಗುತ್ತದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆ ಲಿನಾಲೋ ಬೇಸಾಯಕ್ಕೆ ವಿನಾಯಿತಿ ನೀಡಿದ್ದರಿಂದ ಅಷ್ಟು ವಿಸ್ತಾರದ ಜಮೀನು ಒಂದೇ ಕೈಯಲ್ಲಿ ಉಳಿಯಲು ಸಾಧ್ಯವಾಯಿತು.

ಸ್ವೆತೊಸ್ಲಾವ್ ಅವರಿಗೆ 1961ರಲ್ಲಿ ಪದ್ಮಭೂಷಣ ಸಂದಿತು. ದೇವಿಕಾರಾಣಿಯವರು ಮೊತ್ತಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ರೋರಿಕ್ ಅವರು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ಹೆಗಲು ಕೊಟ್ಟು, ತಮ್ಮ ಮತ್ತು ತಂದೆಯ ಚಿತ್ರಗಳನ್ನು ಅದಕ್ಕೆ ನೀಡಿದರು. ಅಲ್ಲಿನ ರೋರಿಕ್ ಗ್ಯಾಲರಿಯನ್ನು ನೋಡಿದವರಿಗೆ ಆ ಔದಾರ್ಯದ ಅರಿವಾಗುತ್ತದೆ.

ಚಿತ್ರಗಳಿಗೆ ಹೀಗೊಂದು ನೆಲೆ ದೊರೆಯಿತು. ಪತ್ರಗಳಿಗೆ? ಮಕ್ಕಳಿಲ್ಲದ ದಂಪತಿಗೆ ವಯಸ್ಸಾಗುತ್ತಿತ್ತು. ಅಣ್ಣ ಜಾರ್ಜ್ 1960ರಲ್ಲಿಯೇ ಮಾಸ್ಕೋದಲ್ಲಿ ತೀರಿಕೊಂಡಿದ್ದರು. ತಂದೆ ತಾಯಿಯರ ಕಾಗದಪತ್ರಗಳ ಕೊನೆಯ ವಾರಸುದಾರರೆಂದರೆ ಇವರೊಬ್ಬರೇ. 1989ರಲ್ಲಿ ಸೋವಿಯತ್ ರೋರಿಕ್ ಪ್ರತಿಷ್ಠಾನ ಸ್ಥಾಪನೆಯಾಯಿತು. 1990ರಲ್ಲಿ ಕುಟುಂಬದ ಅಪಾರ ಚಿತ್ರಗಳನ್ನೂ ಪತ್ರಾಗಾರವನ್ನೂ ಅವರು ಬೆಂಗಳೂರಿನಿಂದ ಮಾಸ್ಕೋಗೆ ಕಳುಹಿಸಿಕೊಟ್ಟರು. ಮರುವರ್ಷವೇ ಸೋವಿಯತ್ ಒಕ್ಕೂಟ ಇಲ್ಲವಾಯಿತು. ಪ್ರತಿಷ್ಠಾನ ಬೇರೆ ಹೆಸರು ತಳೆದು ಮುಂದುವರಿಯಿತು. 2017ರಲ್ಲಿ ಅದರ ಭವನ ರಷ್ಯಾ ಸರ್ಕಾರದ ಕಲಾಸಂಗ್ರಹಾಲಯವೊಂದರ ವಶವಾಗಿ, ಅಲ್ಲಿಯೂ ಒಡೆತನದ ಮೊಕದ್ದಮೆಗಳು ಹುಟ್ಟಿಕೊಂಡವು.

ಪತ್ರಗಳನ್ನು ಹೊರಗೆ ಕಳುಹಿಸಿದ್ದು ತಪ್ಪೆಂದು ಹೇಳುವ ಹಕ್ಕು ನಮಗಿದೆಯೇ? ಅವುಗಳನ್ನು ಓದಬಲ್ಲ ರಷ್ಯನ್ ವಿದ್ವಾಂಸರು ಅಲ್ಲಿದ್ದರು. ನಮ್ಮ ಕಾನೂನೂ ಅವುಗಳಲ್ಲಿ ಬಹಳಷ್ಟನ್ನು ತಡೆಯಲಾರದಾಗಿತ್ತು. ನಿಕೋಲಸ್ ರೋರಿಕ್ ಅವರ ಚಿತ್ರಗಳನ್ನು ಭಾರತ ಸರ್ಕಾರ 1979ರಲ್ಲಿ ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಿತ್ತು. ಆದರೆ ಪತ್ರದ ವಿಷಯ ಬೇರೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಹಸ್ತಪ್ರತಿ ಅಥವಾ ದಾಖಲೆಗೆ 75 ವರ್ಷ ತುಂಬಿದರೆ ಮಾತ್ರ ಅದು ಪುರಾವಸ್ತು. 1940ರಲ್ಲಿ ಬರೆದ ಪತ್ರಕ್ಕೆ 1990ರಲ್ಲಿ ಐವತ್ತು ವರ್ಷ. ಕಾನೂನಿನ ಕಣ್ಣಿಗೆ ಅದು ಬರಿಯ ಕಾಗದ. ಪತ್ರಗಳು ನಾಶವಾಗುವುದು ಬಹುತೇಕ ಈ ನಡುವಿನ ಅವಧಿಯಲ್ಲಿಯೇ: ಬರೆದವರು ಇಲ್ಲ, ಇತಿಹಾಸಕಾರ ಇನ್ನೂ ಬಂದಿಲ್ಲ, ಕಾನೂನು ಕಣ್ಣು ತೆರೆದಿಲ್ಲ.

ಸ್ವೆತೊಸ್ಲಾವ್ 1993ರ ಜನವರಿ 30ರಂದು, ದೇವಿಕಾರಾಣಿ 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಇಬ್ಬರ ಸಮಾಧಿಗಳೂ ತಾತಗುಣಿಯಲ್ಲಿವೆ. ಅವರು ಹೋದ ಬಳಿಕ ಜಮೀನಿನ ಮೇಲೆ ಹಕ್ಕು ಸಾಧನೆಗಳು ಎದ್ದವು. ರಾಜ್ಯ ಶಾಸನಸಭೆ ಎಸ್ಟೇಟನ್ನು ಸ್ವಾಧೀನಪಡಿಸಿಕೊಳ್ಳಲು 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಗಿ, 2011ರ ಆಗಸ್ಟ್ 9ರಂದು ಕಾಯ್ದೆ ಎತ್ತಿಹಿಡಿಯಲ್ಪಟ್ಟಿತು. ಆಸ್ತಿಯ ಹಕ್ಕನ್ನು ಕುರಿತ ಸಂವಿಧಾನದ 300ಎ ವಿಧಿಯ ವ್ಯಾಖ್ಯಾನಕ್ಕೆ ಇಂದಿಗೂ ವಕೀಲರು ಆ ತೀರ್ಪಿನ ಮೊರೆಹೋಗುತ್ತಾರೆ. ಕಾನೂನಿನ ವಿದ್ಯಾರ್ಥಿಗೆ ತಾತಗುಣಿ ಗೊತ್ತು. ಕಲೆಯ ವಿದ್ಯಾರ್ಥಿಗೆ ಗೊತ್ತಿರಬೇಕಾದಷ್ಟು ಗೊತ್ತಿಲ್ಲ.

ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನಗೆ ಈ ಕಥೆಯಲ್ಲಿ ಎದ್ದು ಕಾಣುವ ಸಂಗತಿ ಇದು. ಸ್ವಾಧೀನವೆಂದರೆ ಸರ್ವೆ ನಂಬರು, ಗಡಿಕಲ್ಲು, ಮಹಜರು. ಎಕರೆ ಗುಂಟೆಗಳ ಲೆಕ್ಕ ನಮಗೆ ಕರತಲಾಮಲಕ. ಒಂದು ಲಕೋಟೆಯೊಳಗಿನ ಕಾಗದದ ಲೆಕ್ಕವನ್ನು ನಮಗೆ ಯಾರೂ ಕಲಿಸಲಿಲ್ಲ. ಆದರೆ 2020ರಲ್ಲಿ ಕಿಶ್ವರ್ ದೇಸಾಯಿ ಅವರು ಪ್ರಕಟಿಸಿದ ದೇವಿಕಾರಾಣಿಯವರ ಜೀವನಚರಿತ್ರೆ ಅವರ ಖಾಸಗಿ ಪತ್ರಗಳ ಆಧಾರದಿಂದಲೇ ರೂಪುಗೊಂಡಿತು. ತೆರೆಯ ಮೇಲಿನ ಬೆಡಗಿಯ ಹಿಂದೆ ಇದ್ದ ನಿಜವಾದ ಹೆಣ್ಣು ಆ ಪತ್ರಗಳಿಲ್ಲದಿದ್ದರೆ ನಮಗೆ ಕಾಣುತ್ತಿರಲಿಲ್ಲ.

ಜಮೀನನ್ನು ಯಾರೂ ಹೊತ್ತೊಯ್ಯಲಾರರು. ಚಿತ್ರ ಕಳವಾದರೆ ಗೋಡೆಯಾದರೂ ಸಾಕ್ಷಿ ಹೇಳುತ್ತದೆ. ಪಟ್ಟಿಯಿಲ್ಲದ ಪತ್ರ ಕಾಣೆಯಾದರೆ ಅದು ಇತ್ತೆಂದು ಹೇಳುವವರೂ ಇರುವುದಿಲ್ಲ. ನಂಬಿಕೆಯನ್ನೇ ನೆಚ್ಚಿ ನ್ಯೂಯಾರ್ಕಿನಲ್ಲಿ ಕಳೆದುಕೊಂಡದ್ದು, ಪ್ರೀತಿಯಿಂದ ಮಾಸ್ಕೋಗೆ ಕೊಟ್ಟು ಕಳುಹಿಸಿದ್ದು, ಬೆಂಗಳೂರಿನಲ್ಲಿ ಹದಿನೈದು ವರ್ಷ ವ್ಯಾಜ್ಯದ ನೆರಳಿನಲ್ಲಿದ್ದದ್ದು, ಮೂರೂ ಒಂದೇ ಪಾಠ ಹೇಳುತ್ತವೆ. ನಮ್ಮ ನಡುವಿನ ಹಿರಿಯ ಚಿತ್ರಕಾರರು, ಸಂಗೀತಗಾರರು, ರಂಗಕರ್ಮಿಗಳು ಬರೆದ, ಪಡೆದ ಕಾಗದಗಳು ಇಂದಿಗೂ ಎಷ್ಟೋ ಮನೆಗಳ ಅಟ್ಟದಲ್ಲಿ ಗೆದ್ದಲಿನ ದಾರಿ ಕಾಯುತ್ತಿವೆ. ಅವುಗಳಿಗೆ ಬೇಕಾದದ್ದು ಅಮೃತಶಿಲೆಯ ಭವನವಲ್ಲ. ಮೊದಲು ಬೇಕಾದದ್ದು ಒಂದು ಪಟ್ಟಿ, ಅದನ್ನು ಬರೆಯುವ ಶ್ರದ್ಧೆಯುಳ್ಳ ಒಬ್ಬ ಗುಮಾಸ್ತ. ಅದು ದೊಡ್ಡ ಖರ್ಚಿನ ಬಾಬಲ್ಲ. ರೋರಿಕ್ ಅವರಂಥ ಅತಿಥಿಗೆ ನೆಲ ಕೊಟ್ಟ ನಾಡು ಅಷ್ಟನ್ನು ಮಾಡಬಲ್ಲುದು.