ಮುದ್ದಣ ಕವಿಯ ಚರಿತ್ರೆ

ಗ್ರಂಥರಚನೆಯು ದೊಡ್ಡ ಪಂಡಿತರಿಗೆ ಮಾತ್ರ ಸಲ್ಲತಕ್ಕ ಕೆಲಸವೆಂದೂ, ಶಾಲೆಯ ದುಡಿಮೆಯ ನಡುವೆ ಅದು ಅಸಾಧ್ಯವೆಂದೂ ಭಾವಿಸುವವರು ನಂದಳಿಕೆಯ ಲಕ್ಷ್ಮೀನಾರಣಪ್ಪನ ಚರಿತ್ರೆಯನ್ನು ಓದತಕ್ಕದ್ದು. ಮುದ್ದಣನೆಂಬ ಹೆಸರಿನಿಂದ ಕನ್ನಡ ನಾಡೆಲ್ಲ ಬಲ್ಲ ಈ ಕವಿಯು ನಮ್ಮ ಕುಂದಾಪುರದಲ್ಲಿಯೇ ಕೆಲಕಾಲ ಉಪಾಧ್ಯಾಯನಾಗಿದ್ದನು.

ಈತನು 1870ನೆಯ ಇಸವಿಯ ಜನವರಿ 24ರಂದು ಕಾರ್ಕಳದ ಬಳಿಯ ನಂದಳಿಕೆಯಲ್ಲಿ ಜನಿಸಿದನು. ಮುದ್ದಣನೆಂಬುದು ತಾಯಿಯು ಅಕ್ಕರೆಯಿಂದ ಕರೆದ ಹೆಸರು. ಬಡತನದ ದೆಸೆಯಿಂದ ಓದು ನಡುವೆಯೇ ನಿಂತಿತು. ಬಳಿಕ ವ್ಯಾಯಾಮ ಶಿಕ್ಷಣದಲ್ಲಿ ತರಬೇತು ಹೊಂದಿ, ಬಾಲಕರಿಗೆ ಕವಾಯತು ಕಲಿಸುವ ಉದ್ಯೋಗವನ್ನು ಹಿಡಿದನು. ಯಕ್ಷಗಾನದಲ್ಲಿ ಆತನಿಗೆ ಬಹಳ ಪ್ರೀತಿ. ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಪ್ರಸಂಗಗಳನ್ನು ರಚಿಸಿದನು.

ಕುಂದಾಪುರದಲ್ಲಿ ಮಳಲಿ ಸುಬ್ಬರಾಯರೆಂಬ ಕನ್ನಡ ಪಂಡಿತರ ಸಹವಾಸವು ಆತನಿಗೆ ದೊರಕಿತು. ಅವರ ನೆರವಿನಿಂದ ಹಳಗನ್ನಡ ಕಾವ್ಯಗಳಲ್ಲಿ ಆತನ ವ್ಯಾಸಂಗವು ಬೆಳೆಯಿತು. ಕವಾಯತಿನ ಮಾಸ್ತರನೊಳಗಿನ ಕವಿಯನ್ನು ಗುರುತಿಸಿದ ಆ ಪಂಡಿತರ ಉಪಕಾರವನ್ನು ಉಪಾಧ್ಯಾಯವರ್ಗದವರಾದ ನಾವು ಮರೆಯಲಾಗದು.

ಅನಂತರ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಸೇವೆ ಮಾಡಿದನು. ಅದ್ಭುತ ರಾಮಾಯಣ, ಶ್ರೀರಾಮಪಟ್ಟಾಭಿಷೇಕ, ಶ್ರೀರಾಮಾಶ್ವಮೇಧ ಎಂಬ ಆತನ ಕೃತಿಗಳು 1895ರಿಂದ ಮುಂದಕ್ಕೆ ಮೈಸೂರಿನ ಕಾವ್ಯಪತ್ರಿಕೆಗಳಲ್ಲಿ ಪ್ರಕಟವಾದುವು. ಆದರೆ ಅವು ತನ್ನವೆಂದು ಹೇಳುವ ಧೈರ್ಯವು ಆತನಿಗಿರಲಿಲ್ಲ. ಪ್ರಾಚೀನ ಕವಿಯೊಬ್ಬನ ಓಲೆಗ್ರಂಥಗಳೆಂದು ತಿಳಿಸಿ ಕಳುಹಿಸಿದನು; ಓದಿದವರೂ ಹಾಗೆಯೇ ನಂಬಿದರು. ಕ್ಷಯರೋಗದಿಂದ ಪೀಡಿತನಾಗಿ 1901ನೆಯ ಫೆಬ್ರವರಿಯಲ್ಲಿ, 31 ವರ್ಷ ತುಂಬಿ ತಿಂಗಳಾಗುವುದರೊಳಗೆ, ಕಾಲವಾದನು. ಕರ್ತೃವು ಈತನೇ ಎಂಬುದು ಲೋಕಕ್ಕೆ ಸ್ಪಷ್ಟವಾದುದು ಮರಣಾನಂತರವೇ.

ಈಗ ನಮ್ಮ ಮೇಲಿನ ತರಗತಿಗಳ ಬಾಲಿಕೆಯರ ಮುಂದೆ ಒಂದು ತಿಂಗಳಲ್ಲಿ ಕಾದಂಬರಿಯೊಂದನ್ನು ಬರೆದು ಮುಗಿಸುವ ಪಂಥವನ್ನು ಇಟ್ಟಿದ್ದೇವೆ. ಬೈಂದೂರಿನಿಂದಲೂ ಬ್ರಹ್ಮಾವರದಿಂದಲೂ ಬರುವ ಮಕ್ಕಳು, ತಮಗೆ ವೇಳೆಯಿಲ್ಲ, ಬರೆಯಲು ವಿಷಯವಿಲ್ಲ ಎನ್ನುತ್ತಾರೆ. ಅವರಿಗೆ ರಾಮಾಶ್ವಮೇಧವನ್ನು ತೋರಿಸುತ್ತೇನೆ. ಅದರಲ್ಲಿ ಕವಿಯು ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಆಕೆಯು ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡವೆನ್ನುತ್ತಾಳೆ, ತಿಳಿಯದ ಸಂಸ್ಕೃತವನ್ನು ತಡೆಯುತ್ತಾಳೆ, ನಡುನಡುವೆ ಪ್ರಶ್ನಿಸುತ್ತಾಳೆ. ಅದರಿಂದಲೇ ಗದ್ಯವು ತಿಳಿಯಾಗಿ ಸಾಗಿತು. ಆದುದರಿಂದ ಬರೆಯುವ ಪ್ರತಿಯೊಬ್ಬಳೂ ತನ್ನ ಪುಟಗಳನ್ನು ಓದಿ ಹೇಳಲು ಒಬ್ಬ ಗೆಳತಿಯನ್ನು ಆರಿಸಿಕೊಳ್ಳಲಿ. ಗೆಳತಿಯೂ ಸಂಕೋಚವಿಲ್ಲದೆ ಪ್ರಶ್ನಿಸಲಿ.

ಇನ್ನೊಂದು ಮಾತು. ಕಥೆ ಮುಗಿಸಿಯೂ ಹೆಸರನ್ನು ಬರೆಯದೆ ಒಪ್ಪಿಸುವ ಮಕ್ಕಳು ನಮ್ಮಲ್ಲಿದ್ದಾರೆ. ದೀಪವನ್ನು ಹಚ್ಚಿ ಕೊಳಗದ ಕೆಳಗಿಡುವುದು ತರವಲ್ಲವೆಂದು ನಮ್ಮ ಕರ್ತನು ಬೋಧಿಸಿದ್ದಾನೆ. ಮುದ್ದಣನು ತನ್ನ ಹೆಸರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಕೇಳದೆಯೇ ಹೋದನು. ಪ್ರಿಯ ಬಾಲಿಕೆಯರೇ, ಆತನ ಶ್ರಮವನ್ನು ಅನುಸರಿಸಿರಿ, ಅಂಜಿಕೆಯನ್ನಲ್ಲ. ಮೊದಲನೆಯ ಪುಟದಲ್ಲಿಯೇ ನಿಮ್ಮ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ.