ಬಾಡಿಗೆ ಮನೆಯ ತಾಯಿ: ಪಂಡಿತಾ ರಮಾಬಾಯಿ



ಕುಂದಾಪುರದಲ್ಲೋ ಬ್ರಹ್ಮಾವರದಲ್ಲೋ ಬಾಡಿಗೆ ಮನೆ ಹುಡುಕುವ ಅಜ್ಜಿಯೊಬ್ಬರನ್ನೋ ಚಿಕ್ಕಮ್ಮನೊಬ್ಬರನ್ನೋ ನೀವು ಕಂಡಿರಬಹುದು. ಮಕ್ಕಳ ತಂದೆತಾಯಿ ಗಲ್ಫಿನಲ್ಲಿರುತ್ತಾರೆ, ಇಲ್ಲವೆ ತೀರಿಹೋಗಿರುತ್ತಾರೆ. ಶಾಲೆ ಹತ್ತಿರವಾಗಲೆಂದು ಬೈಂದೂರಿನ ಒಳಹಳ್ಳಿಯಿಂದ ಬಂದವರು ಅವರು. ಮನೆಯ ಯಜಮಾನರು ಮುಂಗಡದ ಮೊತ್ತ ಹೇಳುವ ಮೊದಲು ಈ ಮಕ್ಕಳು ಯಾರವರೆಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಬಹುಕಾಲ ಎದುರಿಸಿದ ಮಹಿಳೆಯೊಬ್ಬರ ಬೇರು ನಮ್ಮ ಜಿಲ್ಲೆಯಲ್ಲೇ ಇದೆ.

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ತಾಲೂಕಿನ ಮಾಳದ ಕಡೆಯವರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಉಡುಪಿಯ ವಿದ್ವಾಂಸರ ಮುಂದೆ ಉತ್ತರ ಕೊಡಬೇಕಾಗಿ ಬಂದವರು. ಕುದುರೆಮುಖದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಇದ್ದಾಗ, 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ ಸಾಲದಿಂದ ಆ ಮನೆಯೂ ಬಿಟ್ಟುಹೋಯಿತು. ಮುಂದೆ ವರ್ಷಗಟ್ಟಲೆ ದೇವಸ್ಥಾನದ ಜಗಲಿ, ಧರ್ಮಛತ್ರ, ಪುರಾಣ ಓದಿ ಸಿಕ್ಕಿದ ಅಕ್ಕಿ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣನೊಡನೆ ನಡೆದು ಕಲ್ಕತ್ತೆ ಸೇರಿದ ಈ ಹುಡುಗಿಗೆ 1878ರಲ್ಲಿ ಪಂಡಿತಾ ಎಂಬ ಬಿರುದು ಸಿಕ್ಕಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ ವಿಧವೆಯಾದಳು. ಮಡಿಲಲ್ಲಿ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅದು ಆಂಗ್ಲಿಕನ್ ಸಭೆಯಲ್ಲಿ, ನಮ್ಮ ಸಭೆಯಲ್ಲಲ್ಲ. ಆದರೆ ಈ ಪುಟದಲ್ಲಿ ಅವರ ಹೆಸರು ಬರಲು ಅದೇನೂ ಅಡ್ಡಿಯಲ್ಲವೆಂದು ನನ್ನ ಭಾವನೆ.

ಅಮೆರಿಕದ ಗೆಳೆಯರು ಹತ್ತು ವರ್ಷ ಹಣ ಕೊಡಲು ಒಪ್ಪಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿ ಬಳಿ ಬಾಡಿಗೆ ಮನೆಯೊಂದರಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಒಬ್ಬರು; ಮುಂದೆ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದವರು ಅವರೇ. ಮುಂಬಯಿ ದುಬಾರಿಯಾಗಿತ್ತು, 1890ರಲ್ಲಿ ಸದನ ಪುಣೆಗೆ ಹೋಯಿತು.

ಮತ ಬೋಧಿಸುವುದಿಲ್ಲವೆಂಬ ಮಾತಿನ ಮೇಲೆ ಹೆಣ್ಣುಮಕ್ಕಳನ್ನು ಹಿರಿಯರು ಕಳಿಸಿದ್ದರು. ರಮಾಬಾಯಿ ತನ್ನ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತರು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಸಲಹೆಗಾರರು ಹಿಂದೆ ಸರಿದರು, ಸುಮಾರು 25 ಹುಡುಗಿಯರನ್ನು ಮನೆಯವರು ಕರೆದೊಯ್ದರು. ಓದುಗರೇ, ಇಲ್ಲಿ ನಾನು ರಮಾಬಾಯಿಯ ಪಕ್ಷವನ್ನೇ ಪೂರ್ತಿ ಹಿಡಿಯಲಾರೆ. ಪರರ ಮಕ್ಕಳು ಒಂದು ಕರಾರಿನ ಮೇಲೆ ಬಂದವರು. ಆದರೆ ತಾನಿರುವ ಮನೆಯಲ್ಲಿ ತನ್ನ ಕೋಣೆಯ ಬಾಗಿಲನ್ನೂ ಇನ್ನೊಬ್ಬರ ಅಪ್ಪಣೆಯಂತೆ ಹಾಕಬೇಕೇ ಎಂಬ ಅವರ ಹಟವೂ ನನಗೆ ಅರ್ಥವಾಗುತ್ತದೆ.

ಸದನ ಪುಣೆಗೆ ಬಂದ 1890ರಲ್ಲೇ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್ ಜಾರಿಗೆ ಬಂತು. ತಂದೆತಾಯಿ ಇಲ್ಲದ ಮಗುವಿಗೆ ಅಜ್ಜಿಯನ್ನೋ ಮಾವನನ್ನೋ ಪಾಲಕರೆಂದು ನ್ಯಾಯಾಲಯ ನೇಮಿಸುವುದು ಇಂದಿಗೂ ಆ ಕಾಯ್ದೆಯಡಿಯಲ್ಲೇ. ಬಾಡಿಗೆ ಕರಾರಿಗೆ ಅದು ಬೇಕೆಂದಿಲ್ಲ. ಆದರೆ ತಂದೆತಾಯಿ ಇಬ್ಬರೂ ಇಲ್ಲದ ಮನೆಗಳಲ್ಲಿ ಆ ಕಾಗದ ಮಾಡಿಸಿಟ್ಟುಕೊಳ್ಳುವುದು ಲೇಸು.

ನಿಜವಾದ ಪರೀಕ್ಷೆ ಬಂದದ್ದು 1896-97ರಲ್ಲಿ. ಮಧ್ಯಪ್ರಾಂತ್ಯದಲ್ಲಿ ಬರ. ತಾನೇ ಬರಗಾಲದಲ್ಲಿ ಅನಾಥಳಾದ ರಮಾಬಾಯಿ ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಅಷ್ಟರಲ್ಲಿ ಸದನಕ್ಕೆ ಸ್ವಂತ ಕಟ್ಟಡವಿತ್ತು. ಆದರೆ ಪುಣೆಗೆ ಪ್ಲೇಗ್ ತಗುಲಿತ್ತು. ಇಷ್ಟು ಜನರನ್ನು ಊರೊಳಗೆ ಸೇರಿಸಕೂಡದೆಂದು ಅಧಿಕಾರಿಗಳ ಆಜ್ಞೆ ಬಂತು. ಕಾಯಿಲೆಯ ಭಯ ಸುಳ್ಳಲ್ಲ. ಆದರೂ ಎಲುಬು ಕಾಣುವ ಮಕ್ಕಳನ್ನು ಎಲ್ಲಿ ಮಲಗಿಸಬೇಕು?

ಅಮೆರಿಕದ ಹಣ ನಿಂತ ಮೇಲೆ ಹಣ್ಣು ಮಾರಿ ಸದನ ನಡೆಸಬಹುದೆಂದು, ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಜಮೀನು ಕೊಂಡು ಗಿಡ ನೆಟ್ಟಿದ್ದರು. ಮನೆ ಇರಲಿಲ್ಲ. ಮಕ್ಕಳನ್ನು ಅಲ್ಲಿಗೇ ಒಯ್ದು ಡೇರೆಗಳಲ್ಲಿ, ಹುಲ್ಲಿನ ಮಾಡಿನ ಕೆಳಗೆ ಇಟ್ಟರು. ಅದೇ ಮುಕ್ತಿ ಸದನ. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ನೇಯ್ಗೆ, ಮುದ್ರಣ, ಬೇಸಾಯ ಎಲ್ಲ ಕಲಿತರು.

ಕಲಬುರಗಿಯಲ್ಲಿ ಅವರು ತೆರೆದ ಶಾಲೆಯನ್ನು ಮಗಳು ಮನೋರಮಾ ನಡೆಸಿದರು. 1921ರಲ್ಲಿ ಆ ಒಬ್ಬಳೇ ಮಗಳು ತೀರಿಕೊಂಡಳು. 1922ರ ಏಪ್ರಿಲ್ 5ರಂದು, ತಾನು ಹೆರದ ನೂರಾರು ಮಕ್ಕಳಿದ್ದ ಕೇಡಗಾಂವದಲ್ಲೇ ರಮಾಬಾಯಿ ಕಣ್ಣುಮುಚ್ಚಿದರು.